ಸ್ಪಟರಿಂಗ್ ಅನುಭವ ಇಟ್ಟುಕೊಂಡು ಕನ್ಸಲ್ಟಿಂಗ್ ಶುರು ಮಾಡಬಹುದಾ?

12 ವರ್ಷ ಹಾರ್ಡ್ ಡಿಸ್ಕ್ ಕಂಪನಿಯಲ್ಲಿ ಸ್ಪಟರಿಂಗ್ (ನಿರ್ವಾತದಲ್ಲಿ ಲೋಹದ ಪರಮಾಣುಗಳನ್ನು ಕಿತ್ತು ತೆಳು ಪದರವಾಗಿ ಕೂರಿಸುವ ಕೆಲಸ) ಮಾಡಿದ್ದೀರಿ, ಈಗ ಎಲ್ಲರೂ ಎಸ್‌ಎಸ್‌ಡಿ (ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್) ಅನ್ನುವಾಗ ನಮ್ಮನ್ನು ಯಾರು ಕೇಳುತ್ತಾರೆ ಅಂತ ಬರೆದಿದ್ದೀರಿ. ಕೇಳುತ್ತಾರೆ. ನಾನು ಮಾಡುತ್ತಿರುವುದು ಇದೇ ಕೆಲಸ. ಆದರೆ ಹೊಸ ಡ್ರೈವ್ ಡಿಸೈನ್ ಮಾಡಿಕೊಡಿ ಅಂತ ಕರೆಯುವವರು ಕಡಿಮೆ. ಏನೋ ಕೆಟ್ಟಿದೆ, ಯಾಕೆ ಅಂತ ಗೊತ್ತಾಗುತ್ತಿಲ್ಲ, ಆಗ ಕರೆಯುತ್ತಾರೆ.

ನಿಮಗೆ ಗೊತ್ತಿರುವುದೇ, ಬೇರೆ ಓದುಗರಿಗಾಗಿ ಹೇಳುತ್ತೇನೆ. ಗಾಜಿನ ಅಥವಾ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಒಂದರ ಮೇಲೊಂದು ಪದರ ಕೂರುತ್ತವೆ. ಡೇಟಾ ಇರುವುದು ಕೋಬಾಲ್ಟ್, ಕ್ರೋಮಿಯಂ, ಪ್ಲಾಟಿನಂ ಸೇರಿದ ಕಾಂತೀಯ ಪದರದಲ್ಲಿ. ಅದರ ಮೇಲೆ 2–3 ನ್ಯಾನೋಮೀಟರ್ ಇಂಗಾಲದ ಹೊದಿಕೆ, ಅದರ ಮೇಲೆ ಸುಮಾರು 1 ನ್ಯಾನೋಮೀಟರ್ ಲ್ಯೂಬ್, ಅಂದರೆ ಜಾರುವಂತೆ ಮಾಡುವ ಎಣ್ಣೆಯಂಥ ಪದರ. ನಿಮಿಷಕ್ಕೆ 7200 ಸುತ್ತು ತಿರುಗುವ 3.5 ಇಂಚಿನ ಡ್ರೈವ್‌ನಲ್ಲಿ ಡಿಸ್ಕ್‌ನ ಅಂಚು ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ಡೇಟಾ ಓದಿ ಬರೆಯುವ ಹೆಡ್ ಅದಕ್ಕೆ ಕೆಲವೇ ನ್ಯಾನೋಮೀಟರ್ ಹತ್ತಿರದಲ್ಲಿ ತೇಲುತ್ತಿರುತ್ತದೆ.

ಒಮ್ಮೆ ಒಬ್ಬರು ಕರೆದರು. ತಿಂಗಳು ಕಳೆದಂತೆ ಓದುವ ತಪ್ಪುಗಳು ಜಾಸ್ತಿಯಾಗುತ್ತಿದ್ದವು. ಕಾಂತೀಯ ಪದರವೇ ಸರಿಯಿಲ್ಲ ಅಂತ ಅವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ನನ್ನ ಕೈಗೆ ಬಂದ ಡಿಸ್ಕ್‌ಗಳು ಫಳಫಳ ಹೊಳೆಯುತ್ತಿದ್ದವು, ಏಕೆಂದರೆ ಕಳಿಸುವ ಮೊದಲು ಆಲ್ಕೋಹಾಲ್ ಹಾಕಿ ಚೆನ್ನಾಗಿ ಒರೆಸಿದ್ದರು! ಸಾಕ್ಷಿಯೆಲ್ಲ ಬಟ್ಟೆಗೆ ಹೋಗಿತ್ತು. ತೆರೆಯದೇ ಇಟ್ಟಿದ್ದ ಡ್ರೈವ್ ಕಳಿಸಿ ಅಂದೆ. ಅದರಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಸಿಕ್ಕವು. ಹೆಡ್ ಇನ್ನಷ್ಟು ಹತ್ತಿರ ಬರಲಿ ಅಂತ ಇಂಗಾಲದ ಹೊದಿಕೆಯನ್ನು ತೆಳು ಮಾಡಿದ್ದರು, ಮೇಲ್ಮೈ ಸ್ವಲ್ಪ ಒರಟಾಗಿದ್ದ ಕಡೆ ಅದು ಪೂರ್ತಿ ಮುಚ್ಚಿಕೊಂಡಿರಲಿಲ್ಲ, ಆ ತೂತುಗಳಲ್ಲಿ ತೇವ ಇಳಿದು ಕೋಬಾಲ್ಟ್ ಮೇಲಕ್ಕೆ ಬಂದು ತುಕ್ಕಾಗಿತ್ತು. ಕಾಂತೀಯ ಪದರದ ರೆಸಿಪಿಯಲ್ಲಿ ಏನೂ ತಪ್ಪಿರಲಿಲ್ಲ. ಅಷ್ಟರಲ್ಲಿ ಅದನ್ನೇ ಬದಲಿಸುತ್ತಾ ಎಷ್ಟೋ ವಾರ ಕಳೆದಿದ್ದರು, ಪಾಪ.

ಹಾಗಾಗಿ "ಹಾರ್ಡ್ ಡಿಸ್ಕ್ ತಜ್ಞ" ಅಂತ ಪರಿಚಯ ಮಾಡಿಕೊಳ್ಳಬೇಡಿ. ತೆಳು ಪದರ ಎಲ್ಲಿ, ಯಾಕೆ ಕೈಕೊಡುತ್ತದೆ ಅಂತ ಹುಡುಕುವವನು ಅಂತ ಹೇಳಿ. ಆ ಕೆಲಸ ಡ್ರೈವ್‌ನ ಹೊರಗೂ ಇದೆ. ಹೆಡ್‌ನಲ್ಲಿ ಓದುವ ಸೆನ್ಸರ್ ನೋಡಿ, ಎರಡು ಕಾಂತೀಯ ಪದರಗಳ ನಡುವೆ ಸುಮಾರು 1 ನ್ಯಾನೋಮೀಟರ್ ಮೆಗ್ನೀಸಿಯಂ ಆಕ್ಸೈಡ್. ಕಾಂತೀಯ ಪದರದಲ್ಲಿ ಡೇಟಾ ಇಡುವ ಎಂರ್ಯಾಮ್ ಮೆಮೊರಿ ಚಿಪ್‌ನ ಕೋಶದಲ್ಲಿ ಇರುವುದೂ ಹೆಚ್ಚುಕಡಿಮೆ ಅದೇ. ಇನ್ನು ಲೇಸರ್‌ನಿಂದ ಬಿಸಿ ಮಾಡಿ ಬರೆಯುವ ಹೊಸ ಡ್ರೈವ್‌ಗಳಲ್ಲಿ ಕಬ್ಬಿಣ-ಪ್ಲಾಟಿನಂ ಪದರ ಒಂದು ಕ್ಷಣ 400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮೇಲಿನ ಇಂಗಾಲ ಮತ್ತು ಲ್ಯೂಬ್ ಆ ಬಿಸಿಯನ್ನು ಮತ್ತೆ ಮತ್ತೆ ತಡೆದುಕೊಳ್ಳಬೇಕು. ಅಲ್ಲಿ ನಿಮ್ಮಂಥವರಿಗೆ ಬೇಕಾದಷ್ಟು ಕೆಲಸ ಇದೆ, ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಹಳೆ ಕಂಪನಿಯ ರೆಸಿಪಿ, ಒತ್ತಡ, ಪವರ್ ಸೆಟ್ಟಿಂಗ್, ಯಾವುದನ್ನೂ ಹೊಸ ಗಿರಾಕಿಯ ಮುಂದೆ ಬಾಯಿಬಿಡಬೇಡಿ, ಅವರು ಎಷ್ಟೇ ಸಲೀಸಾಗಿ ಕೇಳಲಿ. ಕೆಲಸ ಬಿಡುವಾಗ ಸಹಿ ಹಾಕಿದ ಕಾಗದವನ್ನು ಇನ್ನೊಮ್ಮೆ ಓದಿ, ಸಂಶಯ ಇದ್ದರೆ ವಕೀಲರಿಗೆ ತೋರಿಸಿ. ಲ್ಯಾಬ್ ಪರೀಕ್ಷೆಯ ಖರ್ಚು ಯಾರದ್ದು ಅನ್ನುವುದನ್ನೂ ಮೊದಲೇ ಬರೆಸಿಕೊಳ್ಳಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಅಗ್ಗದ್ದಲ್ಲ.

ನೀವು ಜಾಸ್ತಿ ಕೆಲಸ ಮಾಡಿದ್ದು ಕಾಂತೀಯ ಪದರದಲ್ಲಾ, ಇಂಗಾಲದ ಹೊದಿಕೆಯಲ್ಲಾ? ತಿಳಿಸಿ, ಎಲ್ಲಿಂದ ಶುರು ಮಾಡಬಹುದು ಅಂತ ಇನ್ನೂ ಸರಿಯಾಗಿ ಹೇಳುತ್ತೇನೆ.