ತೆರೆಯ ಮೇಲಿನ ಹೆಣ್ಣು: ಮತ್ತೆ ಅವೇ ಪ್ರಶ್ನೆಗಳು

ಟೆಲಿವಿಷನ್ ಕಥನಗಳನ್ನು ಸ್ತ್ರೀವಾದಿ ದೃಷ್ಟಿಯಿಂದ ಅಭ್ಯಸಿಸುವುದು ನನ್ನ ವೃತ್ತಿ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಸರು ಮತ್ತು ಊರು ಬದಲಾಗುತ್ತವೆಯೇ ಹೊರತು ಪ್ರಶ್ನೆಗಳು ಬದಲಾಗುವುದಿಲ್ಲ. ಆದ್ದರಿಂದ ಈ ಸಲ ಒಂದಕ್ಕೆ ಮಾತ್ರ ವಿವರವಾಗಿ ಉತ್ತರಿಸಿ, ಉಳಿದವನ್ನು ಬೇಗ ಮುಗಿಸುತ್ತೇನೆ.

ಪ್ರಶ್ನೆ: ನಾಯಕಿ ಕುಡಿಯುತ್ತಾಳೆ, ಮನಸ್ಸಿಗೆ ಬಂದವರೊಡನೆ ಮಲಗುತ್ತಾಳೆ. ಇಂಥ ಸರಣಿಯನ್ನು ಸ್ತ್ರೀವಾದಿ ಎನ್ನಬಹುದಲ್ಲವೇ?

ಅಷ್ಟರಿಂದಲೇ ಎನ್ನಲಾಗದು, ಅಷ್ಟಕ್ಕೇ ಸ್ತ್ರೀವಿರೋಧಿ ಎನ್ನಲೂ ಆಗದು.

ಪ್ರಶ್ನೆ: ‘ಗೇಮ್ ಆಫ್ ಥ್ರೋನ್ಸ್’ ಸರಣಿಯಲ್ಲಿ ಸಾನ್ಸಾ ಅತ್ಯಾಚಾರಕ್ಕೆ ಒಳಗಾದರೂ ಕೊನೆಗೆ ರಾಣಿಯಾಗುತ್ತಾಳೆ. ನೋವನ್ನು ಗೆದ್ದು ಗಟ್ಟಿಯಾದ ಹೆಣ್ಣಿನ ಕಥೆಯಿದು. ಆ ಕಾಲದಲ್ಲಿ ಹಾಗೆಯೇ ನಡೆಯುತ್ತಿತ್ತು. ಸ್ತ್ರೀವಾದಿಗಳಿಗೆ ಇದರಲ್ಲೇನು ತಕರಾರು?

‘ಆ ಕಾಲ’ ಎಂಬ ವಾದವನ್ನು ಮೊದಲು ಬದಿಗಿಡೋಣ. ಕಥೆ ನಡೆಯುವುದು ಕಲ್ಪಿತ ಭೂಖಂಡದಲ್ಲಿ, ಮತ್ತು ಮೂಲ ಕಾದಂಬರಿಗಳಲ್ಲಿ, ಸರಣಿಯಲ್ಲಿ ಸಾನ್ಸಾಳ ಮೇಲೆ ಅತ್ಯಾಚಾರವೆಸಗುವ ಗಂಡ ರಾಮ್ಸೆಯನ್ನು ಮದುವೆಯಾಗುವವಳು ಸಾನ್ಸಾ ಅಲ್ಲ. ಆಕೆಯ ತಂಗಿಯ ಹೆಸರು ಹೊತ್ತು ಬರುವ ಜೇನ್ ಪೂಲ್ ಎಂಬ ಹುಡುಗಿ. 2015ರ ಐದನೆಯ ಸೀಸನ್ನಿನಲ್ಲಿ ಆ ಮದುವೆಯನ್ನೂ ಆ ರಾತ್ರಿಯ ಹಿಂಸೆಯನ್ನೂ ಸಾನ್ಸಾಳ ಪಾಲಿಗೆ ತಂದವರು ಸರಣಿಯ ನಿರ್ಮಾತೃಗಳು. ಅದು ಇತಿಹಾಸದ ಒತ್ತಾಯವಾಗಿರಲಿಲ್ಲ. ಬರೆಯುವವರು ಕೂತು ಮಾಡಿದ ಆಯ್ಕೆಯಾಗಿತ್ತು.

ಆ ದೃಶ್ಯದ ರಚನೆಯನ್ನು ಗಮನಿಸಿ. ಸಾನ್ಸಾಳ ಮನೆಯಲ್ಲೇ ಬೆಳೆದ ಥಿಯಾನ್‌ನನ್ನು ಕೋಣೆಯಲ್ಲೇ ನಿಲ್ಲಿಸಿ, ನೋಡುವಂತೆ ರಾಮ್ಸೆ ಆಜ್ಞಾಪಿಸುತ್ತಾನೆ. ಹಿಂಸೆ ಆರಂಭವಾದೊಡನೆ ಕ್ಯಾಮೆರಾ ಥಿಯಾನ್‌ನ ಮುಖಕ್ಕೆ ಹೊರಳಿ, ಕಂತು ಮುಗಿಯುವವರೆಗೂ ಅಲ್ಲೇ ನಿಲ್ಲುತ್ತದೆ. ನಮಗೆ ಕೇಳಿಸುವುದು ಆಕೆಯ ದನಿ ಮಾತ್ರ. ದೇಹವನ್ನು ತೋರಿಸದ ಸಂಯಮವಿದು ಎಂದು ಹೊಗಳಿದವರಿದ್ದಾರೆ. ದೇಹವನ್ನು ತೋರಿಸದಿದ್ದುದು ಸರಿಯೇ, ಆದರೆ ಆಕೆಯ ಮುಖವನ್ನೂ ಏಕೆ ಬಿಟ್ಟರು? ಅವಳ ಮೇಲೆ ನಡೆದದ್ದು ಅವನ ಅಂತಃಕರಣ ಕಲಕುವ ಪ್ರಸಂಗವಾಗಿ ನಮ್ಮನ್ನು ತಲುಪುತ್ತದೆ. ತೆರೆಯ ಮೇಲೆ ಎಷ್ಟು ಮೈ ಕಂಡಿತು ಎಂದು ಸೆಕೆಂಡುಗಳ ಲೆಕ್ಕ ಹಾಕಿ ಅಂಕ ಕೊಡುವ ಯೂಟ್ಯೂಬ್ ಪಂಡಿತರಿಗೆ ಇದು ಎಂದೂ ಹೊಳೆಯುವುದಿಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಈ ದೃಶ್ಯ ಸಭ್ಯವಾಗಿದೆ.

ಇನ್ನು ‘ಗಟ್ಟಿಯಾದಳು’ ಎಂಬ ಮಾತು. 2019ರ ಕೊನೆಯ ಸೀಸನ್ನಿನಲ್ಲಿ, ತನಗೆ ಮೋಸ ಮಾಡಿದವನೂ ರಾಮ್ಸೆಯೂ ಇಲ್ಲದಿದ್ದರೆ ತಾನು ಜೀವಮಾನವಿಡೀ ಪುಟ್ಟ ಹಕ್ಕಿಯಾಗಿಯೇ ಉಳಿಯುತ್ತಿದ್ದೆ ಎಂದು ಸಾನ್ಸಾ ಹೇಳುತ್ತಾಳೆ. ಹಿಂಸಿಸಿದವನ ಕ್ರೌರ್ಯವನ್ನು ಹಿಂಸೆಗೊಳಗಾದವಳ ಬೆಳವಣಿಗೆಯ ಖಾತೆಗೆ ಜಮಾ ಮಾಡುವ ಈ ಮಾತನ್ನು ಆಕೆಯ ಬಾಯಿಂದಲೇ ಆಡಿಸಿದ್ದಾರೆ. ನನ್ನ ತಕರಾರು ಇಲ್ಲಿದೆ. ಹೆಣ್ಣಿಗೆ ಬುದ್ಧಿ, ರಾಜಕೀಯ ಚಾತುರ್ಯ, ನಾಯಕತ್ವ ಬರಬೇಕಾದರೆ ಮೊದಲು ಆಕೆಯ ದೇಹ ಮುರಿಯಬೇಕು ಎಂಬ ಕಥನಸೂತ್ರವನ್ನು ಗಂಡು ಪಾತ್ರಗಳಿಗೆ ಬರಹಗಾರರು ಅಷ್ಟು ಸಲೀಸಾಗಿ ಅನ್ವಯಿಸುವುದಿಲ್ಲ. ಒಟ್ಟು 73 ಕಂತುಗಳಲ್ಲಿ ಮಹಿಳೆ ನಿರ್ದೇಶಿಸಿದವು ನಾಲ್ಕೇ, ಅವೂ ಒಬ್ಬರೇ ನಿರ್ದೇಶಿಸಿದವು. ಮಹಿಳೆ ನಿರ್ದೇಶಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ. ಆದರೂ ಈ ಸಂಖ್ಯೆ ಆಕಸ್ಮಿಕವೆಂದು ಯಾರೂ ನನ್ನನ್ನು ಒಪ್ಪಿಸಲಾರರು.

ಬೇರೆ ದಾರಿ ಇತ್ತೇ ಎಂದು ಕೇಳುವವರು 2020ರ ‘ಐ ಮೇ ಡಿಸ್ಟ್ರಾಯ್ ಯೂ’ ನೋಡಲಿ. ಲಂಡನ್ನಿನ ಮಿಖೇಲಾ ಕೋಲ್ ಅದರ ಹನ್ನೆರಡೂ ಕಂತುಗಳನ್ನು ತಾವೇ ಬರೆದು, ಮುಖ್ಯ ಪಾತ್ರವಾದ ಅರಬೆಲ್ಲಾಳನ್ನು ತಾವೇ ಅಭಿನಯಿಸಿದ್ದಾರೆ. ಪಾನೀಯಕ್ಕೆ ಮತ್ತುಮದ್ದು ಬೆರೆಸಿ ಅರಬೆಲ್ಲಾಳ ಮೇಲೆ ಅತ್ಯಾಚಾರ ನಡೆಯುತ್ತದೆ. ನಮಗೆ ಸಿಗುವುದು ಆಕೆಗೆ ಸಿಕ್ಕಷ್ಟೇ ನೆನಪು, ಚೂರುಚೂರಾಗಿ, ಆಕೆಯ ಕಣ್ಣಿನಿಂದ. ಮುಂದೆ ಒಪ್ಪಿಗೆಯಿಂದಲೇ ಆರಂಭವಾದ ಇನ್ನೊಂದು ಸಂಬಂಧದಲ್ಲಿ ಗಂಡಸು ಹೇಳದೆ ಕಾಂಡೋಮ್ ತೆಗೆದುಬಿಡುತ್ತಾನೆ. ಅದೂ ಅಪರಾಧವೆಂದು ಆಕೆಗೆ ತಿಳಿಯುವುದು ತಡವಾಗಿ, ನೋಡುವ ನಮ್ಮಲ್ಲಿ ಹಲವರಿಗೂ ಹಾಗೆಯೇ. ಇಷ್ಟರ ನಡುವೆ ಅದೇ ಸರಣಿ, ಮುಟ್ಟಿನ ದಿನದಲ್ಲಿ ಆಕೆ ತಾನು ಮೆಚ್ಚಿದವನೊಡನೆ ಕಳೆದ ರಾತ್ರಿಯನ್ನು ಮುಜುಗರವಿಲ್ಲದೆ, ನಗುನಗುತ್ತಾ ತೋರಿಸುತ್ತದೆ. ಹಿಂಸೆಗೊಳಗಾದ ದೇಹಕ್ಕೆ ಆಸೆಯೂ ಇರುತ್ತದೆ, ಆ ಆಸೆ ಹಿಂಸೆಗೆ ಕಾರಣವಲ್ಲ ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಕಥನಗಳು ವಿರಳ. ಹಿಂಸೆಯಿಂದ ಅರಬೆಲ್ಲಾಗೆ ಯಾವ ಪದವಿಯೂ ದೊರೆಯುವುದಿಲ್ಲ.

ಒಂದು ಎಚ್ಚರಿಕೆ. ಇಂಥದ್ದನ್ನು ಸ್ವತಃ ಅನುಭವಿಸಿದವರು ನನ್ನ ಹೊಗಳಿಕೆಯನ್ನು ನಂಬಿ ಒಬ್ಬರೇ ಕುಳಿತು ನೋಡಬೇಡಿ, ನೋಡದಿದ್ದರೂ ನಷ್ಟವಿಲ್ಲ. ನೋವಿನ ದೃಶ್ಯಗಳನ್ನು ತೋರಿಸಿ ‘ಆಘಾತ ಬಿಡಿಸುತ್ತೇವೆ’ ಎನ್ನುವ ವಾರಾಂತ್ಯದ ಶಿಬಿರಗಳವರಿಂದಂತೂ ದೂರವಿರಿ. ಆಘಾತದ ಚಿಕಿತ್ಸೆ ಅರ್ಹ ಮನೋವೈದ್ಯರ, ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಕೆಲಸ.

ಪ್ರಶ್ನೆ: ನಟಿಯೇ ಒಪ್ಪಿ, ಹಣ ಪಡೆದು ನಟಿಸಿರುವಾಗ ನಿಮಗೇನು ಕಷ್ಟ?

ಕರಾರಿಗೆ ಹಾಕಿದ ಸಹಿ ಪ್ರತಿ ಶಾಟ್‌ಗೂ ಕೊಟ್ಟ ಸಮ್ಮತಿಯಲ್ಲ. ‘ದ ಡ್ಯೂಸ್’ ಸರಣಿಯ ನಟಿ ಎಮಿಲಿ ಮೀಡ್ ಕೇಳಿಕೊಂಡ ಮೇಲೆ, 2018ರಲ್ಲಿ ಅಮೆರಿಕದ ಎಚ್‌ಬಿಒ ವಾಹಿನಿ ತನ್ನ ಸೆಟ್‌ಗಳಿಗೆ ಇಂಟಿಮಸಿ ಕೋಆರ್ಡಿನೇಟರ್‌ಗಳನ್ನು ತಂದಿತು. ಯಾರು ಎಲ್ಲಿ ಮುಟ್ಟಬೇಕು, ಯಾವುದು ಬೇಡ ಎಂಬುದನ್ನು ಹೊಡೆದಾಟದ ದೃಶ್ಯದಂತೆಯೇ ಮೊದಲೇ ಗೊತ್ತುಮಾಡಿ, ಅಭ್ಯಾಸ ಮಾಡಿಸುವುದು ಅವರ ಕೆಲಸ. 2021ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಪಡೆದ ಕೋಲ್ ಅದನ್ನು ಅರ್ಪಿಸಿದ್ದು ತಮ್ಮ ಸರಣಿಯಲ್ಲಿ ಈ ಹೊಣೆ ಹೊತ್ತಿದ್ದ ಇಟಾ ಓಬ್ರಿಯನ್ ಅವರಿಗೆ.

ಪ್ರಶ್ನೆ: ನಮ್ಮ ಕನ್ನಡ ಧಾರಾವಾಹಿಗಳಲ್ಲಿ ಇಂಥ ದೃಶ್ಯಗಳೇ ಇಲ್ಲ. ಹೆಣ್ಣಿಗೆ ಗೌರವ ಅಲ್ಲೇ ಹೆಚ್ಚಲ್ಲವೇ?

ಮೊದಲ ರಾತ್ರಿಯ ಹಾಲಿನ ಲೋಟವನ್ನು ವಾರಗಟ್ಟಲೆ ಬಾಗಿಲಲ್ಲೇ ನಿಲ್ಲಿಸಿ, ನಾಯಕಿಯ ಶೀಲದ ಮೇಲೆ ಸಂಶಯ ಹುಟ್ಟಿಸಿ ತೀರಿಸುವುದರಲ್ಲೇ ತಿಂಗಳು ಕಳೆಯುವ ಕಥೆಯಲ್ಲಿ ಲೈಂಗಿಕತೆ ಇಲ್ಲವೆಂದು ಯಾರು ಹೇಳಿದರು? ಅಲ್ಲಿ ಬಯಕೆಯನ್ನು ಬಾಯಿಬಿಟ್ಟು ಹೇಳುವ ಹಕ್ಕು ಸಾಮಾನ್ಯವಾಗಿ ಖಳನಾಯಕಿಗೆ ಮಾತ್ರ.

ಪ್ರಶ್ನೆ: ಹರೆಯದ ಮಗಳು ಇಂಥ ಸರಣಿಗಳನ್ನು ನೋಡಿದರೆ ದಾರಿ ತಪ್ಪುವುದಿಲ್ಲವೇ?

ಮಗನ ಬಗ್ಗೆ ಇದೇ ಪ್ರಶ್ನೆ ಕೇಳಿ ಬರೆಯಿರಿ, ಆಗ ಇಬ್ಬರಿಗೂ ಸೇರಿಸಿ ಉತ್ತರಿಸುತ್ತೇನೆ.

ಪ್ರಶ್ನೆ: ಸೆನ್ಸಾರ್ ಮಂಡಳಿ ಏಕೆ ಸುಮ್ಮನೆ ಕುಳಿತಿದೆ?

ಧಾರಾವಾಹಿಗಳಾಗಲಿ ಒಟಿಟಿ ಸರಣಿಗಳಾಗಲಿ ಆ ಮಂಡಳಿಯ ಮುಂದೆ ಹೋಗುವುದೇ ಇಲ್ಲ. ವಾಹಿನಿಗಳಿಗೆ 1995ರ ಕೇಬಲ್ ಟೆಲಿವಿಷನ್ ಕಾಯ್ದೆಯಡಿಯ ಕಾರ್ಯಕ್ರಮ ಸಂಹಿತೆಯಿದೆ, ಒಟಿಟಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಿವೆ. ದೂರುಗಳನ್ನು ಆಯಾ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಕಳುಹಿಸಿ, ದಯವಿಟ್ಟು ನನಗಲ್ಲ.