ಅತ್ತೆಯ ಕೊಬ್ಬನ್ನು ಯಾರೂ ಕತ್ತರಿಸಿಲ್ಲ

ನಮಸ್ಕಾರ.

ನಿಮ್ಮ ಅತ್ತೆಯ ತೂಕ ಇಳಿಸುವ ಆಪರೇಷನ್ ಬಗ್ಗೆ ಶ್ರೀನಿವಾಸಪುರದಿಂದ ನೀವು ಕಳಿಸಿದ ‘ಕೊಬ್ಬು ಹೋಯಿತು, ಶುಗರ್ ಹೋಯಿತು’ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ಮೂಲೆಗೆ ಎಸೆಯುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ‘ಇಂದಿನ ಧಾವಂತದ ಬದುಕಿನಲ್ಲಿ’ ಎಂದು ಶುರುವಾಗುವ ಲೇಖನಗಳು ನಮ್ಮ ಮೇಜಿನ ಮೇಲೆ ರಾಶಿ ಬಿದ್ದಿವೆ. ಪಿಜ್ಜಾ ಬರ್ಗರ್‌ಗಳನ್ನು ಬಾಯಿತುಂಬಾ ಬೈದಿದ್ದೀರಿ. ನಿಮ್ಮ ಅತ್ತೆ ಅವುಗಳ ಮುಖವನ್ನೇ ನೋಡಿದವರಲ್ಲ ಅಂತ ನಾಲ್ಕನೇ ಪುಟದಲ್ಲಿ ನೀವೇ ಹೇಳಿದ್ದೀರಿ. ಮುದ್ದೆ, ಬಸ್ಸಾರು, ಕಾಲ ಬಂದಾಗ ತೋಟದ ಮಾವು. ಅವರ ಕಥೆಗೆ ಪಿಜ್ಜಾ ಯಾಕೆ ಬೇಕು?

ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ಬೆಂಗಳೂರಿನಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಆಗಿ ಐದನೇ ದಿನ. ಅತ್ತೆ ಟಾನಿಕ್ ಬಾಟಲಿಯ ಮುಚ್ಚಳದಲ್ಲಿ ಬೇಳೆಕಟ್ಟು ಅಳೆದುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಾರೆ. ಬೆರಳು ಚುಚ್ಚಿ ನೋಡಿದರೆ ಶುಗರ್ 112. ಹಿಂದಿನ ವಾರ ಇನ್ಸುಲಿನ್ ಹಾಕಿಕೊಂಡೂ 240 ಇತ್ತು. ‘ಮಿಷನ್ ಕೆಟ್ಟಿದೆ, ನಿನ್ನ ಬೆರಳಿಗೆ ಚುಚ್ಚಿ ನೋಡು’ ಅನ್ನುತ್ತಾರೆ ಅತ್ತೆ. ಬಹಳ ಚೆನ್ನಾಗಿದೆ. ಇಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

ಮುಂದಿನ ಸಾಲಿನಲ್ಲೇ ಎಡವಿದ್ದೀರಿ. ‘ಡಾಕ್ಟರು ಕೊಬ್ಬನ್ನೆಲ್ಲ ತೆಗೆದುಹಾಕಿದ್ದರಿಂದ ಶುಗರ್ ಇಳಿಯಿತು’ ಅಂತ ಬರೆದಿದ್ದೀರಿ. ಯಾರು ಹೇಳಿದರು? ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಚಿಕ್ಕ ಚೀಲ ಉಳಿಸಿಕೊಂಡು, ಅದಕ್ಕೆ ನೇರವಾಗಿ ಸಣ್ಣಕರುಳನ್ನು ಜೋಡಿಸುತ್ತಾರೆ. ಕೊಬ್ಬು ಇದ್ದಲ್ಲೇ ಇರುತ್ತದೆ. ನೀವೇ ಕೊಟ್ಟ ಲೆಕ್ಕ ನೋಡಿ: ಐದು ದಿನದಲ್ಲಿ ತೂಕ 104ರಿಂದ 101 ಕೆಜಿಗೆ ಬಂದಿದೆ. ಅದರಲ್ಲೂ ನೀರೇ ಜಾಸ್ತಿ. ಹಾಗಾದರೆ ಶುಗರ್ ಇಳಿಸಿದ್ದು ಏನು? ಓದುವವರು ಕೇಳುವುದು ಇದನ್ನೇ. ನೀವು ಮಾತ್ರ ಕೇಳಿಲ್ಲ.

ಈ ಪ್ರಶ್ನೆ ಹಳೆಯದು. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಶುಗರ್ ಹತೋಟಿಗೆ ಬರುವುದನ್ನು ಅಮೆರಿಕದ ಸರ್ಜನ್ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು 1995ರಲ್ಲೇ ಬರೆದಿದ್ದರು. ಕಾರಣದ ದೊಡ್ಡ ಪಾಲು ಆ ಮುಚ್ಚಳದ ಬೇಳೆಕಟ್ಟಿನಲ್ಲೇ ಇದೆ. ಹೊಟ್ಟೆಗೆ ತೀರಾ ಕಮ್ಮಿ ಹೋದಾಗ ಲಿವರ್ ತನ್ನೊಳಗಿನ ಕೊಬ್ಬನ್ನು ಬೇಗ ಖರ್ಚು ಮಾಡುತ್ತದೆ. 2011ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ತಂಡ ಆಪರೇಷನ್ ಇಲ್ಲದೆ, ದಿನಕ್ಕೆ ಸುಮಾರು 600 ಕ್ಯಾಲೊರಿಯ ಆಹಾರವನ್ನಷ್ಟೇ ಕೊಟ್ಟು 11 ಜನರನ್ನು ನೋಡಿತು. ಒಂದೇ ವಾರದಲ್ಲಿ ಲಿವರ್‌ನ ಕೊಬ್ಬು ಸುಮಾರು 30% ಇಳಿಯಿತು, ಖಾಲಿ ಹೊಟ್ಟೆಯ ಶುಗರ್ ಸರಿಹೋಯಿತು. ಬೈಪಾಸ್ ಆದವರಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ. ಊಟ ಬೇಗ ಕೆಳಗಿನ ಕರುಳಿಗೆ ಇಳಿಯುವುದರಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಮೊದಲಿಗಿಂತ ಎಷ್ಟೋ ಪಟ್ಟು ಏರಿ, ಇನ್ಸುಲಿನ್ ಹೊರಡಿಸುತ್ತದೆ.

ಅಂದರೆ ಐದನೇ ದಿನದ 112ಕ್ಕೆ ಲಿವರ್ ಮತ್ತು ಕರುಳು ಕಾರಣ. ಚರ್ಮದಡಿಯ ಕೊಬ್ಬಿನ ಸರದಿ ಬರುವುದು ತಿಂಗಳುಗಳ ಮೇಲೆ. ನೀವು ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿಬಿಟ್ಟಿದ್ದೀರಿ.

ಈಗ ‘ಕೊಬ್ಬು ಎಂದರೆ ದೇಹದ ಕಸ’ ಎಂಬ ನಿಮ್ಮ ಮಾತಿಗೆ ಬರೋಣ. ಇದೇ ನಿಜವಾದ ಎಡವಟ್ಟು, ಲೇಖನವೆಲ್ಲ ಇದರ ಮೇಲೆ ನಿಂತಿದೆ. ಕಸವಾಗಿದ್ದರೆ ತೆಗೆದುಬಿಟ್ಟರೆ ಸಾಕಿತ್ತಲ್ಲ? 2004ರಲ್ಲಿ ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಕ್ಲೈನ್ ತಂಡ ಅದನ್ನೂ ನೋಡಿತು. 15 ಹೆಂಗಸರ ಹೊಟ್ಟೆಯಿಂದ ಲೈಪೋಸಕ್ಷನ್ ಮಾಡಿ ಸುಮಾರು 10 ಕೆಜಿಯಷ್ಟು ಕೊಬ್ಬು ಎಳೆದರು. ಹತ್ತು ಹನ್ನೆರಡು ವಾರದ ಮೇಲೆ ನೋಡಿದರೆ ಇನ್ಸುಲಿನ್ ಕೆಲಸ ಮಾಡುವ ರೀತಿ ಒಂದಿಷ್ಟೂ ಸುಧಾರಿಸಿರಲಿಲ್ಲ. ಇನ್ನು ಲಿಪೋಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆ ಇದೆ. ಅದರ ಕೆಲವು ಬಗೆಗಳಲ್ಲಿ ಮೈಯಲ್ಲಿ ಕೊಬ್ಬೇ ಇರುವುದಿಲ್ಲ ಅನ್ನಬಹುದು. ನಿಮ್ಮ ಲೆಕ್ಕದಲ್ಲಿ ಅವರಿಗೆ ಶುಗರ್ ಬರಬಾರದು, ಅಲ್ವಾ? ಬರುತ್ತದೆ, ಅದೂ ಜೋರಾಗಿ.

ನಮ್ಮ ಕೋಲಾರದ ಕಡೆ ಹಿಂದೆ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ತುಂಬಿಡುತ್ತಿದ್ದರು. ಕೊಬ್ಬಿನ ಕೋಶದ ಕೆಲಸವೂ ಅದೇ. ಹಗೇವು ಭರ್ತಿಯಾದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ರಾಗಿ ನಡುಮನೆಗೆ ಬಂದು ಬೀಳುತ್ತದೆ. ದೇಹದಲ್ಲಿ ಹಾಗೆ ಲಿವರ್, ಮಾಂಸಖಂಡಗಳಿಗೆ ಕೊಬ್ಬು ಸೇರಿದಾಗಲೇ ಇನ್ಸುಲಿನ್ ಮಾತು ನಡೆಯುವುದಿಲ್ಲ. ಜೊತೆಗೆ ಹಿಗ್ಗಿದ ಕೋಶಗಳ ಸುತ್ತ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ಮುತ್ತಿ ಉರಿಯೂತ ಹುಟ್ಟುತ್ತದೆ. ಇನ್ಸುಲಿನ್‌ಗೆ ನೆರವಾಗುವ ಅಡಿಪೊನೆಕ್ಟಿನ್ ಎಂಬ ಹಾರ್ಮೋನನ್ನು ಹೊರಬಿಡುವುದು ಕೊಬ್ಬಿನ ಕೋಶಗಳೇ. ಅವು ಉಬ್ಬಿದಷ್ಟೂ ಅದು ಕಮ್ಮಿಯಾಗುತ್ತದೆ. ಆಪರೇಷನ್ ಆಗಿ ತೂಕ ಇಳಿಯುತ್ತಾ ಹೋದಂತೆ ಇದೆಲ್ಲ ತಿರುಗುತ್ತದೆ. ಕೋಶಗಳು ಚಿಕ್ಕದಾಗುತ್ತವೆ, ಉರಿಯೂತ ತಗ್ಗುತ್ತದೆ, ಅಡಿಪೊನೆಕ್ಟಿನ್ ಏರುತ್ತದೆ. ಆದರೆ ಕೋಶಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. 2008ರಲ್ಲಿ ಸ್ವೀಡನ್ನಿನ ತಂಡವೊಂದು ಇಂಥ ಆಪರೇಷನ್ ಆದವರಲ್ಲೇ ಅದನ್ನು ಎಣಿಸಿ ತೋರಿಸಿತು. 72 ಕೆಜಿಗೆ ಇಳಿದ ನಿಮ್ಮ ಅತ್ತೆಯಲ್ಲೂ ಕೋಶಗಳು ಮೊದಲು ಎಷ್ಟಿದ್ದವೋ ಅಷ್ಟೇ ಇವೆ, ಬರೀ ಸಣ್ಣಗಾಗಿವೆ. ತೂಕ ಮತ್ತೆ ಏರುವುದು ಯಾಕೆ ಅಷ್ಟು ಸುಲಭ ಅಂತ ಬರೆಯಲು ನಿಮಗೆ ಇಲ್ಲಿ ದಾರಿ ಸಿಗುತ್ತದೆ.

ಮಾವ ಸಣಕಲು, ಆದರೂ ಅವರಿಗೆ ಶುಗರ್ ಇದೆ, ಅದು ‘ವಿಧಿಯಾಟ’ ಅಂದಿದ್ದೀರಿ. ವಿಧಿಯನ್ನು ಬಿಡಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊವನ್ನೇ ಪ್ರಕಟಿಸಿದ್ದರು. ಇಬ್ಬರದೂ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ 9.1%, ಯಾಜ್ಞಿಕರಿಗೆ 21.2%. ನಮ್ಮ ಜನ ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೊತ್ತಿರುತ್ತಾರೆ. ಮಾವನ ಬಗ್ಗೆ ಎರಡು ಸಾಲು ಹೆಚ್ಚಿಗೆ ಬರೆದರೆ ಲೇಖನಕ್ಕೆ ತೂಕ ಬರುತ್ತದೆ.

‘ಶಾಶ್ವತವಾಗಿ ಗುಣ’ ಎಂಬುದನ್ನು ಹೊಡೆದುಹಾಕಿ. ಸ್ವೀಡನ್ನಿನಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡಿದ ಅಧ್ಯಯನದಲ್ಲಿ ಆಪರೇಷನ್ ಆದ ಶುಗರ್ ರೋಗಿಗಳ ಪೈಕಿ ಎರಡು ವರ್ಷಕ್ಕೆ 72% ಜನರ ಶುಗರ್ ಹಿಂದೆ ಸರಿದಿತ್ತು. ಹದಿನೈದು ವರ್ಷಕ್ಕೆ ಅದು 30%. ಅಲ್ಲಿ ಆದವು ಹೆಚ್ಚಾಗಿ ಹಳೇ ಬಗೆಯ ಆಪರೇಷನ್‌ಗಳು, ನಿಜ. ಆದರೂ ‘ಶಾಶ್ವತ’ ಅಂತ ಸುಮ್ನೆ ಬರೆದು ಬೇರೆಯವರ ಮನೆಯ ದುಡ್ಡು ಖರ್ಚು ಮಾಡಿಸುವ ಹೊಣೆ ನಾನು ಹೊರುವುದಿಲ್ಲ.

ಹೊಸ ಪ್ರತಿ ಸಾವಿರ ಪದದೊಳಗೆ ಇರಲಿ. ಐದನೇ ದಿನದಿಂದ ಶುರು ಮಾಡಿ, ಆರನೇ ತಿಂಗಳಿಗೆ ನಡೆಯಿರಿ.

ಇನ್ನೊಂದು ಮಾತು, ಇದು ಲೇಖನದ್ದಲ್ಲ. ಕೊನೆಯ ಪುಟದಲ್ಲಿ ‘ಈಗ ಅತ್ತೆ ಒಂದೂ ಮಾತ್ರೆ ನುಂಗುವುದಿಲ್ಲ’ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಅದರ ಕೆಳಗೇ, ಪಾದ ಜುಮ್ಮೆನ್ನುತ್ತದೆ, ವಯಸ್ಸಾಯಿತಲ್ಲ ಅಂತಲೂ ಇದೆ. ಬೈಪಾಸ್ ಆದ ಮೇಲೆ ಬಿ12 ಮೈಗೆ ಸರಿಯಾಗಿ ಹತ್ತುವುದಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆಗಳನ್ನು ಜೀವಮಾನವಿಡೀ ತೆಗೆದುಕೊಳ್ಳಬೇಕು. ಬಿ12 ಕೊರತೆ ನರಕ್ಕೆ ತಾಗಿದರೂ ಕಾಲು ಹೀಗೇ ಜುಮ್ಮೆನ್ನುತ್ತದೆ, ಶುಗರ್‌ನಿಂದಲೂ ಹಾಗಾಗಬಹುದು. ಯಾವುದು ಅಂತ ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ. ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ, ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ. ಲೇಖನ ಮುಂದಿನ ತಿಂಗಳು ಬಂದರೂ ನಡೆಯುತ್ತದೆ.