ಕಜಕಸ್ತಾನದ ಬಯಲಿಗೆ ಯಾವ ಸೈಕಲ್ ಒಯ್ಯಲಿ?

ಬಳ್ಳಾರಿ ಬಿಸಿಲು ರೂಢಿ ಇದೆ, ಜುಲೈನಲ್ಲಿ ಕಜಕಸ್ತಾನದ ಬೆಯ್ನೆವುನಿಂದ ಉಜ್ಬೇಕಿಸ್ತಾನದ ಕುಂಗ್ರಾದ್‌ಗೆ ಸೈಕಲ್ ತುಳಿಯಬೇಕು, ಲಕ್ಷದೊಳಗೆ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಸಿರುಗುಪ್ಪ ರಸ್ತೆಯಲ್ಲೇ ಕಾಲು ಪಳಗಿದ ನನ್ನ ತಲೆಯಲ್ಲೂ ಮೊದಲು ಇದ್ದದ್ದು ಇದೇ ಪ್ರಶ್ನೆ. ಸೈಕಲ್ ಆಮೇಲೆ ನೋಡೋಣ. ಕೊನೆಯಲ್ಲಿ "ನೀರು ಜಾಸ್ತಿ ಕುಡಿದರೆ ಸಾಕಲ್ವಾ?" ಅಂದಿದ್ದೀರಲ್ಲ, ಸಾಲದು.

ಹೆಚ್ಚಿನವರು ಎಡವುವುದು ಇಲ್ಲೇ. 40 ಡಿಗ್ರಿಯಲ್ಲಿ ಸಾಮಾನು ಹೇರಿಕೊಂಡು ತುಳಿದರೆ ಗಂಟೆಗೆ ಒಂದು ಲೀಟರ್ ಬೆವರು ಹೋಗಬಹುದು. ಒಣಗಾಳಿಗೆ ಅದು ತಕ್ಷಣ ಆರುವುದರಿಂದ ಗೊತ್ತೇ ಆಗುವುದಿಲ್ಲ. ಸಂಜೆ ಅಂಗಿಯ ಬೆನ್ನು ನೋಡಿ, ಉಪ್ಪು ಬಿಳಿ ಗೆರೆಯಾಗಿ ಕೂತಿರುತ್ತದೆ. ಆ ಉಪ್ಪು ವಾಪಸ್ ಹೋಗದೆ ಬರೀ ನೀರು ಒಳಗೆ ಹೋದರೆ ರಕ್ತದ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಕರಿಕೆ, ಮಂಕು. ನೀರು ಸಾಲದಿದ್ದಾಗಲೂ ಹೀಗೇ ಆಗುವುದರಿಂದ ಇನ್ನಷ್ಟು ಕುಡಿಯುತ್ತಾರೆ, ಇನ್ನಷ್ಟು ಕೆಡುತ್ತದೆ. ಮೂತ್ರ ತಿಳಿಯಾಗಿದ್ದು, ಉಂಗುರ ಬಿಗಿಯಾಗಿ, ಹೊಟ್ಟೆ ಕುಲುಕುತ್ತಿದ್ದರೆ ಬರೀ ನೀರು ನಿಲ್ಲಿಸಿ ಉಪ್ಪಿನದೇನಾದರೂ ತಿನ್ನಿ. ಮಾತು ತೊದಲಿದರೆ ಮಾತ್ರ ಕಾಯಬೇಡಿ, ಸಿಕ್ಕ ಗಾಡಿ ಹತ್ತಿ ಆಸ್ಪತ್ರೆಗೆ ಹೋಗಿ.

ಒಂದು ಬಾಟಲಿ ಓಆರ್‌ಎಸ್, ಒಂದು ಬರೀ ನೀರು, ಸರದಿಯಂತೆ ಕುಡಿಯಿರಿ. ಲೀಟರ್ ಪೊಟ್ಟಣದಲ್ಲಿ 2.6 ಗ್ರಾಂ ಉಪ್ಪಿರುತ್ತದೆ. ಪೊಟ್ಟಣ ಮುಗಿದರೆ ಲೀಟರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ, ಚಮಚ ಗೋಪುರ ಮಾಡದೆ. ಇಲ್ಲಿ ನಮಗೆ ಉಪ್ಪು ಹಾಕಿದ ಮಜ್ಜಿಗೆ ಇದೆ. ಅಲ್ಲಿ ಕುರ್ಟ್ ಸಿಗುತ್ತದೆ, ಹುಳಿ ಮೊಸರನ್ನು ಉಪ್ಪು ಹಾಕಿ ಒಣಗಿಸಿದ ಗಟ್ಟಿ ಉಂಡೆ. ಜೇಬಿನಲ್ಲಿರಲಿ.

ಆ ದಾರಿ ಸುಮಾರು 400 ಕಿ.ಮೀ., ನಡುವೆ ಊರು ಅಪರೂಪ. ಕುಡಿಯಲು, ಅಡುಗೆಗೆ ದಿನಕ್ಕೆ 8–10 ಲೀಟರ್ ಬೇಕು. ಒಂದೂವರೆ ದಿನದ್ದು ಜೊತೆಗಿರಲಿ. ಅಂದರೆ 12–15 ಕೆ.ಜಿ. ಬರೀ ನೀರೇ. ಸೈಕಲ್ ಆರಿಸಬೇಕಾದ್ದು ಈ ಭಾರಕ್ಕೆ: ಸ್ಟೀಲ್ ಫ್ರೇಮ್, ಹಿಂದಿನ ಚಕ್ರಕ್ಕೆ 36 ಕಡ್ಡಿ, ಎರಡು ಇಂಚಿನ ಟೈರ್, ಕ್ಯಾರಿಯರ್ ಬೋಲ್ಟ್ ಮಾಡಲು ತೂತು. ಇಷ್ಟಿದ್ದರೆ ಲಕ್ಷ ಬೇಡ. ಕಡ್ಡಿ ಮುರಿಯುವುದು ಹೆಚ್ಚಾಗಿ ಹಿಂದೆ, ಗೇರ್ ಕಡೆಗೇ, ಮತ್ತು ಕ್ಯಾಸೆಟ್, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು, ಬಿಚ್ಚದೆ ಹೊಸದು ತೂರುವುದಿಲ್ಲ. ಅದನ್ನು ಬಿಚ್ಚುವ ಟೂಲ್, ಅದೇ ಅಳತೆಯ ನಾಲ್ಕು ಕಡ್ಡಿ ಮರೆಯಬೇಡಿ.

ನಮ್ಮ ಎರೆಹೊಲದ ಬದುವಿನಲ್ಲಿರುವ ನೆಗ್ಗಿಲು ಮುಳ್ಳು ಮಧ್ಯ ಏಷ್ಯಾದಲ್ಲೂ ಇದೆ. ಕಿತ್ತಾಗ ತುದಿ ಮುರಿದು ಟೈರ್ ಒಳಗೇ ಉಳಿಯುತ್ತದೆ, ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಒಳಮೈಯನ್ನು ಹತ್ತಿಯಿಂದ ಒರೆಸಿ. ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ.

ಇನ್ನು ಜುಲೈ. ಮೈ ಬಿಸಿಲಿಗೆ ಒಗ್ಗಲು 10–14 ದಿನ ಬೇಕು, ಬಿಸಿಲು ಬಿಟ್ಟರೆ ಮೂರ್ನಾಲ್ಕು ವಾರದಲ್ಲಿ ಆ ಗುಣ ಬಹುತೇಕ ಹೋಗುತ್ತದೆ. ಮೇ ತಿಂಗಳಲ್ಲಿ ಸಿಂಧನೂರು, ಮಾನ್ವಿ ಕಡೆ ತುಳಿದು ಗಳಿಸಿದ್ದು ಜೂನ್ ಮೋಡಕ್ಕೆ ಕರಗುತ್ತದೆ. ಸೆಪ್ಟೆಂಬರಿಗೆ ಮುಂದೂಡಿ. ಜುಲೈಯೇ ಆಗಬೇಕೆಂದರೆ ಮೊದಲ ವಾರ ದಿನಕ್ಕೆ 50 ಕಿ.ಮೀ. ದಾಟಬೇಡಿ, ಬೆಳಗ್ಗೆ ಐದಕ್ಕೆ ಹೊರಟು ಹತ್ತಕ್ಕೆ ನೆರಳು ಹಿಡಿಯಿರಿ. ಅಲ್ಲಿ ಮರವಿಲ್ಲ, ನೆರಳಿಗೆ ತಾಡಪಾಲು, ಎರಡು ಕೋಲು ನೀವೇ ಒಯ್ಯಬೇಕು.